"ನಾನಿದ್ದೆ" ಅಂದರು ಅಜ್ಜ

ಶನಿವಾರ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ಕೆನಡಾದ ಮಾಂಟ್ರಿಯಲ್‌ನ ಲಶೀನ್ ಕಾಲುವೆಯ ದಂಡೆ. ಹಳೆಯ ರೆಡ್‌ಪಾತ್ ಸಕ್ಕರೆ ಕಾರ್ಖಾನೆ ಎದುರಿನ ಬೆಂಚಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಒಬ್ಬರು ಅಜ್ಜ. ಕಾರ್ಖಾನೆ ಈಗ ಅಪಾರ್ಟ್‌ಮೆಂಟ್. ಅಲ್ಲೇ ಮನೆ ಮಾಡಿರುವ ಹುಡುಗಿಯೊಬ್ಬಳು ನಾಯಿ ಹಿಡಿದುಕೊಂಡು ಬಂದಳು. "ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲು ಇಲ್ಲಿ ಏನೂ ಇರಲಿಲ್ಲವಂತೆ" ಅಂದಳು. ಅಜ್ಜ ನೀರು ನೋಡುತ್ತಲೇ "ನಾನಿದ್ದೆ" ಅಂದರು. ಅಷ್ಟೇ. ಅವಳಿಗೆ ಕೇಳಿಸಿತೋ ಇಲ್ಲವೋ, ನಾಯಿ ಎಳೆಯಿತು, ಹೋದಳು. ಒಳ್ಳೆಯ ಹುಡುಗಿಯೇ. ಯಾರೋ ಹೇಳಿದ್ದನ್ನು ನಂಬಿದ್ದಾಳೆ, ಅದಕ್ಕೇ ನನಗೆ ಜಾಸ್ತಿ ಬೇಜಾರು.

ಏನೂ ಇರಲಿಲ್ಲ ಅಂದರೆ ಹೇಗೆ? ಸೇಂಟ್ ಲಾರೆನ್ಸ್ ನದಿಯ ರಭಸ ತಪ್ಪಿಸಿ ಹಡಗು ದಾಟಿಸಲು ಈ ಕಾಲುವೆ ತೆರೆದದ್ದು 1825ರಲ್ಲಿ. ಅಗೆದವರಲ್ಲಿ ಬಹಳ ಜನ ಐರ್ಲೆಂಡಿನಿಂದ ಬಂದ ಕೂಲಿಗಳು. ಇದೇ ನೀರಿನ ಬಲದಿಂದ ಹಿಟ್ಟಿನ ಗಿರಣಿ, ಮೊಳೆ ಕಾರ್ಖಾನೆ ಎಲ್ಲ ನಡೆದವು. 1959ರಲ್ಲಿ ಸೇಂಟ್ ಲಾರೆನ್ಸ್ ಸೀವೇ ಅನ್ನೋ ಹೊಸ ಜಲಮಾರ್ಗ ಬಂತು, ದೊಡ್ಡ ಹಡಗುಗಳು ಆ ದಾರಿ ಹಿಡಿದವು, 1970ರಲ್ಲಿ ಇಲ್ಲಿ ಹಡಗು ಓಡಾಟ ನಿಂತೇ ಹೋಯಿತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ಜನ ಅಲ್ಲೇ ಇದ್ದರಲ್ಲ! ಕೆಲಸ ಹೋದ ಮೇಲೂ, ನೀರು ನಾರುವಾಗಲೂ ಅದೇ ಬೀದಿಗಳಲ್ಲಿ ಮಕ್ಕಳನ್ನು ಬೆಳೆಸಿದರು.

2002ರಲ್ಲಿ ವಿಹಾರದ ದೋಣಿಗಳಿಗೆ ಕಾಲುವೆ ಮತ್ತೆ ತೆರೆಯಿತು. ಸೈಕಲ್ ದಾರಿ, ಮರ, ಹುಲ್ಲು ನನಗೂ ಇಷ್ಟ, ಸುಳ್ಳು ಹೇಳಲಾರೆ. ಆದರೆ ತಳದ ಹೂಳಿನಲ್ಲಿ ಕಾರ್ಖಾನೆಗಳು ಬಿಟ್ಟ ವಿಷ ಇನ್ನೂ ಕೂತಿದೆ. ಕಲಕಿದರೆ ಮೇಲೇಳುತ್ತದೆ ಅಂತ ಹಾಗೇ ಬಿಟ್ಟಿದ್ದಾರೆ, ಈಜುವಂತಿಲ್ಲ.

ಅಜ್ಜ ಮೂರನೇ ಮಹಡಿಯ ಕಿಟಕಿಯೊಂದನ್ನು ತೋರಿಸಿದರು. ಇಟ್ಟಿಗೆ ಹಳೆಯದು, ಗಾಜು ಹೊಸದು, ಒಳಗೆ ಒಂದು ಹೂವಿನ ಕುಂಡ. "ನಮ್ಮಪ್ಪ ಅಲ್ಲಿ ಕೆಲಸ ಮಾಡುತ್ತಿದ್ದರು. ಮನೆಗೆ ಬಂದರೆ ಅಂಗಿಯೆಲ್ಲ ಅಂಟು ಅಂಟು." ಬಾಡಿಗೆ ಏರಿದ ಮೇಲೆ ಅಜ್ಜ ಈ ಬೀದಿ ಬಿಟ್ಟರಂತೆ. ಈಗ ಎರಡು ಬಸ್ ಬದಲಿಸಿ ಸುಮ್ನೆ ಕೂರಲು ಬರುತ್ತಾರೆ. ದಂಡೆ ಸರಿಮಾಡಲು ದುಡ್ಡು ಸಿಗುತ್ತದೆ, ಆ ದಂಡೆಯವರನ್ನು ಅಲ್ಲೇ ಉಳಿಸಲು ಮಾತ್ರ ಯಾಕೆ ಸಿಗುವುದಿಲ್ಲ? ಇದು ನನಗೆ ಖಂಡಿತ ಅನ್ಯಾಯ ಅನ್ನಿಸುತ್ತದೆ.

ಈ ಶನಿವಾರ ಮತ್ತೆ ಹೋಗುತ್ತೇನೆ. ಆ ಹುಡುಗಿ ಸಿಕ್ಕರೆ ಅಜ್ಜನ ಪಕ್ಕ ಕೂರಿಸಿ, ಆ ಕಿಟಕಿ ಯಾರದ್ದು ಅಂತ ಕೇಳಬೇಕು.