ಅಜ್ಜಿಯ ತಾಮನೆ ಹುಡುಕ್ಕೊಂಡು ಕೊಡಗಿಗೆ ಹೋಗಿದ್ದು, ಹೋಗೋರಿಗೆ ಒಂದಿಷ್ಟು ಮಾತು

ನಮ್ಮ ಅಮ್ಮನ ಅಮ್ಮ ಕೊಡಗಿನವರು. ಮದುವೆ ಆಗಿ ಮೈಸೂರಿಗೆ ಬಂದವರು ಆಮೇಲೆ ಊರಿಗೆ ಹೋಗಿದ್ದು ಎರಡೋ ಮೂರೋ ಸಲ ಅಷ್ಟೇ ಅಂತೆ, ಅವರ ಅಣ್ಣಂದಿರು ತೀರ್ಕೊಂಡ ಮೇಲೆ ಹೋಗೋದು ಬರೋದು ಪೂರ್ತಿ ನಿಂತೇ ಹೋಯ್ತು. ಅಮ್ಮಂಗೆ ಈಗ ಎಪ್ಪತ್ತು ದಾಟಿದೆ, ಮಂಡಿ ನೋವು, ಆದ್ರೂ ಎರಡು ವರ್ಷದಿಂದ ಒಂದೇ ಮಾತು, ನಮ್ಮಮ್ಮನ ತಾಮನೆ ಒಂದ್ಸಲ ನೋಡ್ಬೇಕು ಅಂತ. ಕೊಡವ ತಕ್ಕಲ್ಲಿ (ಕೊಡವರ ಭಾಷೇಲಿ) ತಾಮನೆ ಅಂದ್ರೆ ಹೆಣ್ಣುಮಗಳ ತವರು. ನಮ್ಮ ಕೈಲಿ ಇದ್ದಿದ್ದು ಮೂರೇ ವಿಷಯ: ಮನೆ ಹೆಸರು, ಅಜ್ಜಿಯ ಅಪ್ಪನ ಹೆಸರು, ಆಮೇಲೆ "ನಾಪೋಕ್ಲು ಕಡೆ" ಅನ್ನೋ ಒಂದು ಮಾತು. ಮನೆ ಹೆಸರು ಇಲ್ಲಿ ಹಾಕಲ್ಲ, ಆ ಮನೆಯವರನ್ನ ಕೇಳದೆ ಹಾಕೋದು ಸರಿ ಅಲ್ಲ.

ಎರಡು ಸಲ ಹೋಗಿ ಬಂದ್ವಿ. ಮೊದಲನೇ ಸಲ ಹೆಚ್ಚುಕಮ್ಮಿ ವೇಸ್ಟ್ ಆಯ್ತು, ಎರಡನೇ ಸಲ ಸಿಕ್ತು. ಇದೇ ಥರ ಹುಡುಕೋಕೆ ಹೊರಟಿರೋರಿಗೆ ಒಂದು ಟ್ರಿಪ್ ಆದ್ರೂ ಉಳೀಲಿ ಅಂತ ಬರೀತಿದೀನಿ.

ಮೊದಲನೇ ಸಲ ನಾವು ಹೋಗಿದ್ದು ಜುಲೈಯಲ್ಲಿ. ದಯವಿಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಹೋಗ್ಬೇಡಿ. ಟೂರಿಸ್ಟ್ ಆಗಿ ಮಳೆ ನೋಡೋಕೆ ಹೋಗೋದು ಬೇರೆ, ಊರೂರು ಸುತ್ತಿ ಮನೆ ಹುಡುಕೋದು ಬೇರೆ. ಕಾವೇರಿ ತುಂಬಿದ್ರೆ ಭಾಗಮಂಡಲ ನಾಪೋಕ್ಲು ರಸ್ತೆ ಮೇಲೆ ನೀರು ಬಂದು ಗಾಡಿ ನಿಂತೋಗುತ್ತೆ, ಕರೆಂಟ್ ಇರಲ್ಲ, ಮೊಬೈಲ್ ಸಿಗ್ನಲ್ ಇರಲ್ಲ, ವಯಸ್ಸಾದೋರು ಬಾಗಿಲು ಹಾಕ್ಕೊಂಡು ಒಲೆ ಹತ್ರ ಕೂತಿರ್ತಾರೆ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ಎಷ್ಟೋ ಮನೆ ಹೋಯ್ತಲ್ಲ, ಅದಾದ್ಮೇಲೆ ಜೋರು ಮಳೆ ಬಂದ್ರೆ ಅಲ್ಲಿನವರ ಗಮನವೆಲ್ಲ ಗುಡ್ಡದ ಮೇಲೇ ಇರುತ್ತೆ, ಆ ಹೊತ್ತಲ್ಲಿ ನೂರು ವರ್ಷದ ಹಿಂದಿನ ಕಥೆ ಕೇಳೋಕೆ ಹೋಗೋದು ನಂಗೇ ಬೇಜಾರಾಯ್ತು. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ, ಡಿಸೆಂಬರ್ ಕೊನೆ ಜನವರಿ ಅಂದ್ರೆ ಕಾಫಿ ಕೊಯ್ಲು ಶುರು ಆಗಿರುತ್ತೆ, ಹಗಲು ಯಾರೂ ಮನೇಲಿ ಸಿಗಲ್ಲ, ಸಂಜೆ ಮಾತ್ರ. ನನ್ನ ಪ್ರಕಾರ ಹುತ್ತರಿ ಹಿಂದೆ ಮುಂದಿನ ವಾರ ಎಲ್ಲಕ್ಕಿಂತ ಒಳ್ಳೇದು, ಬೆಂಗಳೂರು ಮೈಸೂರಲ್ಲಿ ಇರೋರೆಲ್ಲ ಕುಟುಂಬದ ಮೂಲ ಮನೆ, ಅಂದ್ರೆ ಐನ್‌ಮನೆಗೆ ಬಂದಿರ್ತಾರೆ. ಹುತ್ತರಿ ದಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಆಗೋದು, ನವೆಂಬರ್ ಡಿಸೆಂಬರಲ್ಲಿ ಬರುತ್ತೆ, ಪೇಪರಲ್ಲಿ ನೋಡ್ಕೊಂಡು ರಜೆ ಹಾಕಿ.

ಇನ್ನೊಂದು ತಪ್ಪು ಏನ್ ಮಾಡಿದ್ವಿ ಅಂದ್ರೆ ಮೊದಲು ಆಫೀಸಿಗೆ ಹೋದ್ವಿ. ಒಂದು ತಾಲ್ಲೂಕು ಕಚೇರೀಲಿ ಒಂದೂವರೆ ದಿನ ಕೂತ್ವಿ. ಸರ್ವೆ ನಂಬರ್ ಕೊಡಿ ಅಂದ್ರು, ಸರ್ವೆ ನಂಬರ್ ಗೊತ್ತಿದ್ದಿದ್ರೆ ನಾವ್ಯಾಕೆ ಅಲ್ಲಿ ಕೂರ್ತಿದ್ವಿ. ಗ್ರಾಮ ಯಾವುದು ಅಂದ್ರು, ಅದೂ ಗೊತ್ತಿಲ್ಲ. ಅಮ್ಮ ಆ ಬೆಂಚ್ ಮೇಲೆ ಕೂತು ಸುಸ್ತಾಗಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಹಾಗಾಗಿ ಮೊದಲು ಜನ, ಆಮೇಲೆ ಕಾಗದ. ಕಾಗದಕ್ಕೆ ಏನು ಕೇಳ್ಬೇಕು ಅಂತ ಹೇಳಿಕೊಡೋರೇ ಜನ.

ಕೊಡಗಲ್ಲಿ ಮನೆ ಹೆಸರು ಇರೋದು ದೊಡ್ಡ ಅನುಕೂಲ, ಬಯಲುಸೀಮೆ ಕಡೆ ನಮ್ಮ ಫ್ರೆಂಡ್ಸ್‌ಗೆ ಅಜ್ಜನ ಅಪ್ಪನ ಹೆಸರೇ ಗೊತ್ತಿರಲ್ಲ, ಇಲ್ಲಿ ಒಕ್ಕದ (ಒಂದೇ ಮೂಲದಿಂದ ಬಂದ ದೊಡ್ಡ ಕುಟುಂಬದ) ಹೆಸರು ಹೇಳಿದ್ರೆ ಅರ್ಧ ಕೆಲಸ ಆದ ಹಾಗೆ ಅಂದ್ಕೊಂಡಿದ್ವಿ. ಆದ್ರೆ ಒಂದೇ ಮನೆ ಹೆಸರಿನ ಬೇರೆ ಬೇರೆ ಒಕ್ಕಗಳು ಬೇರೆ ಬೇರೆ ಊರಲ್ಲಿ ಇರ್ತವೆ, ಒಬ್ಬರಿಗೊಬ್ಬರು ಸಂಬಂಧಾನೇ ಇರಲ್ಲ. ನಾವು ವಿಚಾರಿಸ್ಕೊಂಡು ಹೋಗಿದ್ದು ಅಂಥ ಇನ್ನೊಂದು ಮನೆಗೆ. ಅಲ್ಲಿನ ಹಿರಿಯರು ಕಾಫಿ ಕೊಟ್ಟು, ಊಟ ಹಾಕಿ, ಎಲ್ಲಾ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದ್ರು: ನಿಮ್ಮ ಅಜ್ಜಿ ಮದುವೇಲಿ ಅರುವ ಯಾರು?

ಈ ಒಂದು ಪ್ರಶ್ನೆ ನಮ್ಮನ್ನ ದಡ ಸೇರಿಸ್ತು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಪ್ರತಿ ಕೊಡವ ಒಕ್ಕಕ್ಕೂ ಬೇರೆ ಒಂದು ಒಕ್ಕದವರು ಅರುವ ಆಗಿ ಇರ್ತಾರೆ, ಮದುವೆಯಲ್ಲಿ ಆ ಮನೆ ಪರವಾಗಿ ಮಾತಾಡೋದು, ಹೆಣ್ಣು ಇನ್ನೊಂದು ಮನೆಗೆ ಹೋಗೋವಾಗ ಅವಳ ಹಕ್ಕಿನ ಮಾತು ಆಡೋದು ಎಲ್ಲ ಅವರೇ. ತಲೆಮಾರಿಂದ ತಲೆಮಾರಿಗೆ ಅದೇ ಮನೆಯವರು ಅರುವ ಆಗಿರೋದೂ ಉಂಟು. ಅಮ್ಮಂಗೆ ಮೊದಲು ನೆನಪಾಗ್ಲಿಲ್ಲ, ವಾಪಸ್ ಬರೋವಾಗ ಮೂರ್ನಾಡು ಹತ್ರ ಗಾಡೀಲಿ ಇದ್ದಕ್ಕಿದ್ದಂಗೆ "ನಮ್ಮಮ್ಮ ಮದುವೆ ಕಥೆ ಹೇಳೋವಾಗ ಇಂಥವರು ಅಂತ ಹೇಳ್ತಿದ್ರು" ಅಂತ ಒಂದು ಮನೆ ಹೆಸರು ಹೇಳಿದ್ರು. ಎರಡನೇ ಟ್ರಿಪ್ಪಲ್ಲಿ ಆ ಅರುವರ ಮನೆ ಹಿಡ್ಕೊಂಡೇ ಅಜ್ಜಿ ಊರು ತಲುಪಿದ್ದು. ಹಾಗಾಗಿ ಹೊರಡೋ ಮುಂಚೆ ಮನೇಲಿರೋ ಹಿರಿಯರ ಹತ್ರ ಹೆಸರು ಇಸವಿ ಕೇಳಿ ನಿಲ್ಲಿಸ್ಬೇಡಿ, ಮದುವೆ ಕಥೆ ಕೇಳಿ, ಸಾವಿನ ಕಥೆ ಕೇಳಿ, ಯಾರು ಬಂದಿದ್ರು ಯಾರ ಮನೇಲಿ ಉಳ್ಕೊಂಡ್ರು ಎಲ್ಲ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಈಗ ಕಾಗದದ ವಿಷಯ. ಹಳೇ ದಾಖಲೆಗಳಲ್ಲಿ ಈಗಿನ ತಾಲ್ಲೂಕು ಹೆಸರು ಇರಲ್ಲ. ಬ್ರಿಟಿಷರ ಕಾಲದಲ್ಲಿ ಪಾಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ, ಮರ್ಕೆರಾ (ಈಗಿನ ಮಡಿಕೇರಿ) ಅಂತ ಇತ್ತು. ನಾಪೋಕ್ಲು ಕಡೆಯದು ಪಾಡಿನಾಲ್ಕುನಾಡು, ವಿರಾಜಪೇಟೆ ಎಡೆನಾಲ್ಕುನಾಡು, ದಕ್ಷಿಣದ ಪೊನ್ನಂಪೇಟೆ ಹುದಿಕೇರಿ ಕಡೆ ಕಿಗ್ಗಟ್ಟುನಾಡು. ಕುಶಾಲನಗರಕ್ಕೆ ಫ್ರೇಸರ್‌ಪೇಟ್ ಅಂತಿತ್ತು. ಇಂಗ್ಲಿಷ್ ಕಾಗದಗಳಲ್ಲಿ ಮನೆ ಹೆಸರಿನ ಸ್ಪೆಲ್ಲಿಂಗ್ ಬಾಯಿಗೆ ಬಂದ ಹಾಗೆ ಬರೆದಿರ್ತಾರೆ, ಒಂದೇ ಮನೆಗೆ ನಾಲ್ಕು ಥರ ಸ್ಪೆಲ್ಲಿಂಗ್ ನಾವು ನೋಡಿದ್ವಿ, ಎಲ್ಲ ಥರದಲ್ಲೂ ಹುಡುಕಿ.

ಜಮೀನಿನ ದಾಖಲೆನೇ ಮುಖ್ಯ ದಾರಿ, ಯಾಕಂದ್ರೆ ಇಲ್ಲಿ ಜಮ್ಮ ಅನ್ನೋ ಪದ್ಧತಿ ಇದೆ. ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನು, ಕಂದಾಯ ಸಾಗು ಜಮೀನಿನ (ಪೂರ್ತಿ ಕಂದಾಯ ಕಟ್ಟೋ ಮಾಮೂಲಿ ಜಮೀನಿನ) ಅರ್ಧ, ಸಲೀಸಾಗಿ ಮಾರೋ ಹಾಗಿರಲಿಲ್ಲ. ಗದ್ದೆ ಜೊತೆ ಸೊಪ್ಪು ಸೌದೆಗೆ ಅಂತ ಬಾಣೆ ಅನ್ನೋ ಮರಗಾಡಿನ ಜಾಗ ಇರ್ತಿತ್ತು. ಮಾರಾಟ ಕಮ್ಮಿ ಇದ್ದಿದ್ರಿಂದ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಜಮ್ಮದ ಕ್ರಯಪತ್ರ ಹುಡುಕೋಕೆ ಟೈಮ್ ಹಾಕ್ಬೇಡಿ, ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರ್ ಕೇಳಿ. ಪಟ್ಟೆದಾರ ಅಂದ್ರೆ ಒಕ್ಕದ ಯಜಮಾನ, ಅವರು ತೀರ್ಕೊಂಡಾಗ ಇನ್ನೊಬ್ಬರ ಹೆಸರಿಗೆ ಬದಲಾಗಿರುತ್ತೆ, ಆ ಒಂದೊಂದು ಎಂಟ್ರಿನೂ ಒಂದೊಂದು ಸಾವಿನ ದಾಖಲೆ ಇದ್ದ ಹಾಗೆ. ಭೂಮಿ ಸಾಫ್ಟ್‌ವೇರಲ್ಲಿ ಮನೇಲೇ ಕೂತು ಆರ್‌ಟಿಸಿ ನೋಡ್ಬಹುದು, ಮಾಲೀಕರ ಹೆಸರಿರೋ ಒಂಬತ್ತನೇ ಕಾಲಂ ನೋಡಿ, ಆದ್ರೆ ಅದು ಕಂಪ್ಯೂಟರ್ ಬಂದ್ಮೇಲಿನದು. ಹಿಂದಿನದಕ್ಕೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ದೃಢೀಕೃತ ನಕಲು ಕೇಳ್ಬೇಕು. ಭೂಸುರಕ್ಷಾ ಯೋಜನೇಲಿ ಹಳೇ ಕಡತ ಸ್ಕ್ಯಾನ್ ಮಾಡ್ತಿದಾರೆ, ನಿಮ್ಮ ಗ್ರಾಮದ್ದು ಆಗಿದ್ಯಾ ಅಂತ ಮೊದಲು ಕೇಳಿ. ಅರ್ಜೀಲಿ ಗ್ರಾಮ, ಸರ್ವೆ ನಂಬರ್, ಅಂದಾಜು ಇಸವಿ ಮೂರೂ ಇರ್ಲಿ. ನಮ್ಮದು ನಕಲು ಕೈಗೆ ಬರೋಕೆ ಐದು ವಾರ ಆಯ್ತು, ಅದಕ್ಕೇ ಇದನ್ನ ಒಂದೇ ಟ್ರಿಪ್ಪಲ್ಲಿ ಮುಗಿಸೋ ಪ್ಲಾನ್ ಮಾಡ್ಬೇಡಿ.

ಆದ್ರೆ ಈ ಜಮೀನಿನ ಕಾಗದದಲ್ಲಿ ಎಲ್ಲಾ ಗಂಡಸರೇ. ಅದರಲ್ಲೂ ಯಜಮಾನ ಒಬ್ಬರೇ, ಉಳಿದವರು "ಮತ್ತು ಇತರರು". ನಮ್ಮಜ್ಜಿ ಅಂಥೋರು ಯಾವ ಕಾಗದದಲ್ಲೂ ಇಲ್ಲ. ನಂಗೆ ಇದು ತುಂಬ ಕಾಡಿದ ವಿಷಯ, ಹದಿನೆಂಟು ಇಪ್ಪತ್ತು ವರ್ಷ ಆ ಮನೇಲಿ ಬೆಳೆದ ಹುಡುಗಿ, ಗದ್ದೆ ನಾಟಿಗೆ ಇಳಿದಿರ್ತಾಳೆ, ಒಂದು ಕಡೆನೂ ಹೆಸರಿಲ್ಲ ಅಂದ್ರೆ ಹೇಗೆ. ಅರುವರ ಮನೆಯ ಅಕ್ಕ ಒಬ್ಬರು ಹೇಳಿದ್ರು, ಸ್ಕೂಲಿಗೆ ಹೋಗಿ ನೋಡಿ ಅಂತ.

ಊರಿನ ಸರ್ಕಾರಿ ಶಾಲೆ ಹಳೇದು. ಹೆಡ್‌ಮೇಡಂ ಹತ್ರ ಒಂದು ಲೆಟರ್ ಬರ್ಕೊಂಡು ಹೋಗಿದ್ವಿ, ಆಧಾರ್ ಕಾಪಿ ಜೊತೆ. ಅವರು ಕಬ್ಬಿಣದ ಬೀರು ತೆಗೆದು ದಾಖಲಾತಿ ರಿಜಿಸ್ಟರ್ ಹೊರಗಿಟ್ರು, ಉದ್ದುದ್ದ ಪುಸ್ತಕ, ಬೆನ್ನಿಗೆ ಬಟ್ಟೆ ಅಂಟಿಸಿದ್ದು, ಹಾಳೆ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಪುಡಿ ಬರ್ತಿತ್ತು. 1935ರ ಜೂನ್ ಪುಟದಲ್ಲಿ, ನೀಲಿ ಇಂಕಲ್ಲಿ ಓರೆ ಅಕ್ಷರದಲ್ಲಿ, ಮನೆ ಹೆಸರು ಮೊದಲು, ಆಮೇಲೆ ಅಜ್ಜಿ ಹೆಸರು, ತಂದೆ ಹೆಸರು, ವಯಸ್ಸು ಏಳು. ಕೊನೇ ಕಾಲಮ್ಮಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದು ಅಂತ ಇತ್ತು. ಅಮ್ಮ ಆ ಹೆಸರಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತಾದ್ರೂ ತೆಗೀಲೇ ಇಲ್ಲ. ಹೆಣ್ಣುಮಕ್ಕಳನ್ನ ಹುಡುಕೋರು ತಹಶೀಲ್ದಾರ್ ಆಫೀಸಿಗಿಂತ ಮೊದಲು ಶಾಲೆಗೆ ಹೋಗಿ, ಪರೀಕ್ಷೆ ಟೈಮ್ ಬಿಟ್ಟು ಬೇರೆ ದಿನ ಹೋಗಿ, ಹಾಳೆ ನೀವೇ ತಿರುವೋಕೆ ಹೋಗ್ಬೇಡಿ, ಅವರ ಕೈಲೇ ತಿರುವಿಸಿ.

ಇಸವಿ ವಿಷಯದಲ್ಲಿ ನಾವು ಎಡವಿದ್ದು ಒಂದಿದೆ. ಊರಿನ ದೇವಸ್ಥಾನದಲ್ಲಿ ಒಂದು ಕಂಚಿನ ಗಂಟೆ, ಅಂಚಲ್ಲಿ ಕೊರೆದಿದ್ದ ಹೆಸರು ಅಜ್ಜಿಯ ಅಪ್ಪನದೇ, ಪಕ್ಕದಲ್ಲಿ ಜಯ ಸಂವತ್ಸರ ಅಂತ. ಸಂವತ್ಸರ 60 ವರ್ಷಕ್ಕೊಂದ್ಸಲ ತಿರುಗಿ ಬರುತ್ತಲ್ಲ, ಜಯ ಅಂದ್ರೆ 1834, 1894, 1954. ಅಮ್ಮ ಹುಟ್ಟಿದ್ದು 1952, ಸರಿ ಅಮ್ಮನ ತಾತ ಮೊಮ್ಮಗಳು ಹುಟ್ಟಿದ ಖುಷೀಲಿ ಕೊಟ್ಟಿದ್ದು ಅಂತ ನಾವೇ ತೀರ್ಮಾನ ಮಾಡ್ಕೊಂಡು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿಬಿಟ್ವಿ. ಆಮೇಲೆ ಮ್ಯುಟೇಶನ್ ನಕಲು ಬಂತು, 1948ರಲ್ಲೇ ಅವರು ತೀರ್ಕೊಂಡು ಹೆಸರು ಬದಲಾಗಿದೆ. ಹಾಗಾದ್ರೆ ಗಂಟೆ ಕೊಟ್ಟಿದ್ದು ಅವರ ತಾತ, 1894ರಲ್ಲಿ. ಮೊಮ್ಮಗನಿಗೆ ತಾತನ ಹೆಸರಿಡೋದು ಇಲ್ಲಿ ಮಾಮೂಲು, ಅದೇ ಹೆಸರು ಒಂದು ಬಿಟ್ಟು ಒಂದು ತಲೆಮಾರಿಗೆ ಬರ್ತಾ ಇರುತ್ತೆ. ಹೆಸರು ಮ್ಯಾಚ್ ಆಯ್ತು ಅಂತ ನಂಬ್ಬೇಡಿ, ಎರಡು ಕಡೆಯಿಂದ ಇಸವಿ ತಾಳೆ ಆಗ್ಲಿ. ಆದ್ರೆ ಆ ತಪ್ಪಿನಿಂದ ನಮಗೆ ಇನ್ನೂ ಎರಡು ತಲೆಮಾರು ಹಿಂದೆ ಸಿಕ್ತು.

ಐನ್‌ಮನೆಗೆ ಹೋಗೋವಾಗ ಮೊದಲೇ ಫೋನ್ ಮಾಡಿಸಿ ಹೋಗಿ, ಅದು ಟೂರಿಸ್ಟ್ ಜಾಗ ಅಲ್ಲ. ಚಪ್ಪಲಿ ಕೆಳಗೇ ಬಿಡಿ, ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಂಬಗಳ ನಡುವೆ ಇರೋ ಐಮರದ (ಕೂರೋ ಮರದ ಹಲಗೆ) ಮೇಲೆ ಅವರು ಹೇಳೋ ಮುಂಚೆ ಕೂರ್ಬೇಡಿ. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದ್ರೆ ಮನೆ ನಡುವಿನ ಹಾಲಲ್ಲಿ ತೂಗುಹಾಕಿರೋ ದೀಪ ತೂಕ್‌ಬೊಳ್ಚ ಮತ್ತೆ ಕೈಮಡ ಇವುಗಳ ಫೋಟೋ ಕೇಳಿ ತೆಗೀರಿ. ಕೈಮಡ ಕಾರಣರ, ಅಂದ್ರೆ ಕುಟುಂಬದ ಪೂರ್ವಿಕರ ಗುಡಿ, ವರ್ಷಕ್ಕೊಮ್ಮೆ ಅಲ್ಲಿ ಕಾರಣಂಗ್ ಕೊಡ್ಪ ಮಾಡಿ ಹಿರಿಯರಿಗೆ ಎಡೆ ಇಡ್ತಾರೆ. ಜಮೀನಿನ ಮಾತು ಬಾಯಿಂದ ತೆಗೀಲೇಬೇಡಿ. ಎಷ್ಟೋ ವರ್ಷದ ಮೇಲೆ ಹೆಣ್ಣುಮಗಳ ಕಡೆಯವರು ಬಂದು ಹಳೇ ದಾಖಲೆ ಕೇಳಿದ್ರೆ ಯಾರಿಗೇ ಆಗ್ಲಿ ಅನುಮಾನ ಬರುತ್ತೆ, ನಾವು ಹೋದ ಕೂಡ್ಲೇ ಅಮ್ಮನೇ ಹೇಳಿದ್ರು, ನಂಗೆ ಏನೂ ಬೇಡ, ನಮ್ಮಮ್ಮ ಆಡಿದ ಜಾಗ ನೋಡಿ ಹೋಗ್ತೀನಿ ಅಂತ. ಆಮೇಲೆ ಮಾತು ಸಲೀಸಾಯ್ತು.

ಬೇರೆ ಸಮುದಾಯದವರಿಗೆ ದಾರಿ ಸ್ವಲ್ಪ ಬೇರೆ. ಅರೆಭಾಷೆ ಗೌಡರಲ್ಲೂ ಮನೆ ಹೆಸರು, ಐನ್‌ಮನೆ ಇದೆ, ಹೆಚ್ಚುಕಮ್ಮಿ ಇದೇ ಥರ ಹುಡುಕ್ಬಹುದು. ಕ್ಯಾಥೊಲಿಕ್ ಕುಟುಂಬದವರು ವಿರಾಜಪೇಟೆ ಸಂತ ಅನ್ನಮ್ಮ ಚರ್ಚಲ್ಲಿ ವಿಚಾರಿಸಿ, ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಊರು ಕಟ್ಟಿಸಿದಾಗಿನ ಕಾಲದ್ದು ಅದು, ಜ್ಞಾನಸ್ನಾನ ಮದುವೆ ರಿಜಿಸ್ಟರಲ್ಲಿ ಹೆಂಗಸರ ಹೆಸರೂ ಇರುತ್ತೆ. ತೋಟದ ಕೆಲಸಕ್ಕೆ ಬಂದ ಕುಟುಂಬದವರಿಗೆ ಜಮೀನಿನ ಕಾಗದದಿಂದ ಏನೂ ಸಿಗಲ್ಲ, ಅವರೂ ಶಾಲೆ ರಿಜಿಸ್ಟರಿಂದಲೇ ಶುರು ಮಾಡ್ಲಿ. ಸೈನ್ಯದಲ್ಲಿದ್ದು ಮಹಾಯುದ್ಧದಲ್ಲಿ ಸತ್ತವರಾದ್ರೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಪಟ್ಟಿ ಆನ್‌ಲೈನಲ್ಲೇ ಇದೆ.

ಉಳ್ಕೊಳ್ಳೋಕೆ ಮಡಿಕೇರಿಗಿಂತ ನಾಪೋಕ್ಲು ಕಕ್ಕಬ್ಬೆ ಕಡೆ ಹೋಂಸ್ಟೇ ಒಳ್ಳೇದು, ಓನರ್‌ಗೇ ಅರ್ಧ ಊರು ಗೊತ್ತಿರುತ್ತೆ. ಶನಿವಾರ ಭಾನುವಾರ ರೇಟ್ ಡಬಲ್, ಭಾನುವಾರ ಮತ್ತೆ ಎರಡನೇ ನಾಲ್ಕನೇ ಶನಿವಾರ ಆಫೀಸೂ ರಜಾ, ಹಾಗಾಗಿ ಸೋಮವಾರದಿಂದ ಇಟ್ಕೊಳ್ಳಿ. ಮೈಸೂರಿಂದ ಮಡಿಕೇರಿಗೆ 120 ಕಿ.ಮೀ., ಬಸ್ ಬೇಕಾದಷ್ಟಿದೆ, ಆದ್ರೆ ಒಳಗಿನ ಊರುಗಳಿಗೆ ಜೀಪೋ ಆಟೋನೋ ಮಾಡ್ಕೊಳ್ಳಿ.

ಹೊರಡೋ ಮುಂಚೆ ಆ ಮನೆಯವರು ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿದ್ದ ವಂಶವೃಕ್ಷ ತೋರಿಸಿದ್ರು. ಅಜ್ಜಿಯ ಅಪ್ಪನ ಕೆಳಗೆ ಮೂರು ಗಂಡುಮಕ್ಕಳ ಹೆಸರು, ಪಕ್ಕದಲ್ಲಿ "ಹೆಣ್ಣು 1" ಅಂತ ಅಷ್ಟೇ. ಅಮ್ಮ ಏನೂ ಹೇಳ್ಲಿಲ್ಲ, ನೋಡ್ತಾ ನಿಂತಿದ್ರು. ಆ ಮನೆಯ ಯಜಮಾನರು ಫ್ರೇಮ್ ಕೆಳಗಿಳಿಸಿ, ಹಿಂದಿನ ಮೊಳೆ ಚಾಕುವಲ್ಲಿ ಬಿಚ್ಚಿ, ಹಾಳೆ ಹೊರಗೆ ತೆಗೆದು ಅಮ್ಮನ ಕೈಗೇ ಪೆನ್ ಕೊಟ್ರು. ಹೆಸರು ಬರೆಯೋವಾಗ ಅಮ್ಮನ ಕೈ ನಡುಗ್ತಿತ್ತು, ಅಕ್ಷರ ಸ್ವಲ್ಪ ಸೊಟ್ಟ ಆಯ್ತು. ಮುಂದಿನ ಹುತ್ತರಿಗೆ ಅಜ್ಜಿ ಫೋಟೋ ತಗೊಂಡ್ ಬನ್ನಿ ಅಂದಿದಾರೆ, ಮದುವೆ ದಿನದ್ದು ಒಂದಿದೆ, ಅದನ್ನ ದೊಡ್ಡದು ಮಾಡಿಸೋಕೆ ಸ್ಟುಡಿಯೋಗೆ ಕೊಟ್ಟಿದೀನಿ.