ಎರಡು ಕಾಬಮ್, ಒಂದೇ ಸಾಲು

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಲಂಡನ್ ಸುತ್ತಮುತ್ತಲೇ ಕಾಬಮ್ ಎಂಬ ಊರು ಎರಡಿವೆ. ಒಂದು ಸರ್ರೆ ಜಿಲ್ಲೆಯಲ್ಲಿ, ಇನ್ನೊಂದು ಕೆಂಟ್ ಜಿಲ್ಲೆಯಲ್ಲಿ. ನಾನು ನೋಡಬೇಕೆಂದಿದ್ದ ಜೋನ್ ಡಿ ಕಾಬಮ್ ಎಂಬ ಹೆಂಗಸಿನ ಹಳೇ ಸಮಾಧಿ ಕಲ್ಲು ಇರುವುದು ಕೆಂಟ್‌ನಲ್ಲಿ. ಫೋನಿನಲ್ಲಿ ಸುಮ್ನೆ ‘ಕಾಬಮ್’ ಎಂದು ಹಾಕಿ, ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಇಳಿದದ್ದು ಸರ್ರೆಯಲ್ಲಿ, ‘ಕಾಬಮ್ ಅಂಡ್ ಸ್ಟೋಕ್ ಡ್ಯಾಬರ್ನನ್’ ಸ್ಟೇಷನ್ನಿನಲ್ಲಿ.

ಆದರೂ ದಿನ ಹಾಳಾಗಲಿಲ್ಲ. ಅಲ್ಲಿಂದ ನಡೆದೇ ಹೋಗಬಹುದಾದ ಸೇಂಟ್ ಮೇರಿ ಚರ್ಚಿನ ನೆಲದಲ್ಲಿ ಸರ್ ಜಾನ್ ಡ್ಯಾಬರ್ನನ್ ಎಂಬ ಯೋಧನ ಹಿತ್ತಾಳೆ ಚಿತ್ರವಿದೆ, ಅಂದರೆ ಸಮಾಧಿ ಕಲ್ಲಿಗೆ ಕೂರಿಸಿದ, ಗೆರೆ ಕೊರೆದ ಹಿತ್ತಾಳೆ ತಗಡು. ಕೈಯಲ್ಲಿ ಈಟಿ, ಗುರಾಣಿಯಲ್ಲಿ ಇನ್ನೂ ಉಳಿದಿರುವ ನೀಲಿ ಬಣ್ಣ. ಕಾಲ ಬಳಿ ಒಂದು ಸಿಂಹ ಈಟಿಯ ಬುಡವನ್ನು ಕಚ್ಚಿ ಹಿಡಿದಿದೆ, ಮನೆ ನಾಯಿ ಕೋಲು ಕಚ್ಚಿಕೊಂಡ ಹಾಗೆ! ಹಳೇ ಪುಸ್ತಕಗಳಲ್ಲಿ ಇದು 1277ರದ್ದು ಎಂದಿರುತ್ತದೆ. ಈಗ ಸುಮಾರು 1327 ಎನ್ನುತ್ತಾರೆ. ಕಲ್ಲಿನ ಅಂಚಿನಲ್ಲಿ ಹಳೇ ಫ್ರೆಂಚ್ ಬರಹ: ಸರ್ ಜಾನ್ ಇಲ್ಲಿ ಮಲಗಿದ್ದಾನೆ, ದೇವರು ಅವನ ಆತ್ಮಕ್ಕೆ ಕರುಣೆ ತೋರಲಿ. ಅರ್ಥ ಹಿಡಿದುಕೊಂಡು ಒಂದೊಂದೇ ಅಕ್ಷರ ಗುರುತಿಸುತ್ತಾ ಅರ್ಧ ಗಂಟೆ ಕೂತೆ.

ಮುಂದಿನ ಶನಿವಾರ ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ಕೆಂಟ್‌ನ ಸೋಲ್ ಸ್ಟ್ರೀಟ್‌ಗೆ ಹೋದೆ. ಇದು ಚಿಕ್ಕ ಸ್ಟೇಷನ್. ಎಲ್ಲಾ ರೈಲೂ ನಿಲ್ಲುವುದಿಲ್ಲ, ಹತ್ತುವ ಮುಂಚೆ ಬೋರ್ಡ್ ನೋಡಿ. ಅಲ್ಲಿಂದ ಕೆಂಟ್‌ನ ಕಾಬಮ್‌ಗೆ ಅರ್ಧ ಗಂಟೆ ನಡಿಗೆ. ಮಳೆ ಬಂದಿದ್ದರೆ ಹೊಲದ ದಾರಿ ಬೇಡ, ನನ್ನ ಶೂ ಎರಡು ದಿನ ಒಣಗಲಿಲ್ಲ.

ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಊರಿನ ಮುಖ್ಯ ಬೀದಿಯಲ್ಲೇ ಇದೆ. ಒಳಗೆ ಬಲಿಪೀಠದ ಮುಂದೆ ಹಿತ್ತಾಳೆ ಜನರು ಸಾಲು ಸಾಲಾಗಿ ಮಲಗಿದ್ದಾರೆ, ಹೆಚ್ಚಿನವರು ಕಾಬಮ್ ಮನೆತನದವರು. ಒಬ್ಬನ ಕೈಯಲ್ಲಿ ಪುಟ್ಟ ಚರ್ಚ್ ಇದೆ. ಆತ 1362ರಲ್ಲಿ ಇಲ್ಲಿ ‘ಕಾಲೇಜು’, ಅಂದರೆ ಪಾದ್ರಿಗಳು ಒಟ್ಟಿಗೆ ಇರುವ ಮಠದಂಥದ್ದು, ಸ್ಥಾಪಿಸಿದ ಜಾನ್ ಡಿ ಕಾಬಮ್. ನಡುವಿನ ದೊಡ್ಡ ಅಲಬಾಸ್ಟರ್ (ಅಮೃತಶಿಲೆಯಂಥ ಮೆದು ಕಲ್ಲು) ಸಮಾಧಿ 16ನೇ ಶತಮಾನದ್ದು, ಫೋಟೋ ಎಲ್ಲಾ ಅದಕ್ಕೇ ಖರ್ಚಾಗುತ್ತದೆ. ನನಗೇನೋ ಅದು ಅಷ್ಟು ಹಿಡಿಸಲಿಲ್ಲ.

ನಾನು ಹುಡುಕಿದ್ದು ಜೋನ್ ಡಿ ಕಾಬಮ್‌ಳನ್ನು. 14ನೇ ಶತಮಾನದ ಮೊದಲ ಭಾಗದ ಕಲ್ಲು. ತಲೆಗೆ ಮುಸುಕು, ಕೈ ಮುಗಿದಿದ್ದಾಳೆ. ಬರಹ ಕಲ್ಲಿನ ನಾಲ್ಕೂ ಅಂಚಿನಲ್ಲಿ ಓಡುತ್ತದೆ, ಹಾಗಾಗಿ ಸುತ್ತು ಹಾಕುತ್ತಲೇ ಓದಬೇಕು. ಗುಂಡು ಗುಂಡು ಅಕ್ಷರಗಳು, ಮೊದಲಿಗೆ ಏನೂ ತಲೆಗೆ ಹೋಗುವುದಿಲ್ಲ. ಎರಡನೇ ಸಾಲಿಗೆ ಬಂದಾಗ ಥಟ್ಟನೆ ಗುರುತಾಯಿತು. ಸರ್ರೆಯಲ್ಲಿ ಓದಿದ್ದ ಅದೇ ‘ಆತ್ಮಕ್ಕೆ ಕರುಣೆ ತೋರಲಿ’! ಒಂದೆರಡು ಅಕ್ಷರ ಆಚೀಚೆ, ಅಷ್ಟೆ. ಆಮೇಲಿನದು ಮಾತ್ರ ಜೋನ್‌ಳದೇ: ಈ ಆತ್ಮಕ್ಕಾಗಿ ಯಾರು ಪ್ರಾರ್ಥಿಸುತ್ತಾರೋ ಅವರಿಗೆ 40 ದಿನಗಳ ಪಾಪಕ್ಷಮೆ. ಅದೂ ಪ್ರಾಸದಲ್ಲಿ. ಹಳೇ ಫ್ರೆಂಚ್‌ನ ‘ಇಸಿ’ಗೆ (ಇಲ್ಲಿ) ‘ಮೆರ್ಸಿ’ (ಕರುಣೆ), ‘ಪ್ರಿಯೆರಾ’ಗೆ (ಪ್ರಾರ್ಥಿಸುವರು) ‘ಅವೆರಾ’ (ಪಡೆಯುವರು). ದಾರಿಹೋಕರನ್ನು ನಿಲ್ಲಿಸಲು ಇದಕ್ಕಿಂತ ಜಾಣ ಉಪಾಯ ಬೇಕಾ? 700 ವರ್ಷದ ಮೇಲೂ ನಾನು ನಿಂತೆನಲ್ಲ.

ಓದಲು ಫೋನ್ ಟಾರ್ಚ್ ಸಾಕು. ಮೇಲಿಂದ ಬೆಳಕು ಬಿಟ್ಟರೆ ಹಿತ್ತಾಳೆ ಹೊಳೆದು ಏನೂ ಕಾಣಿಸುವುದಿಲ್ಲ. ನೆಲದ ಮಟ್ಟಕ್ಕೆ ಇಳಿಸಿ, ಓರೆಯಾಗಿ ಹಿಡಿಯಿರಿ. ಹಿತ್ತಾಳೆ ಮೇಲೆ ಕಾಲಿಡಬೇಡಿ, ಶೂ ತಳದ ಮರಳು ಗೀಚುತ್ತದೆ. ಕಾಗದ ಹಾಸಿ ಮೇಣದ ಬಳಪದಿಂದ ಉಜ್ಜಿ ಅಚ್ಚು ತೆಗೆಯುವ ಆಸೆಯಿದ್ದರೆ ಚರ್ಚಿನವರ ಅನುಮತಿ ಮೊದಲೇ ಕೇಳಿ. ಹಳ್ಳಿ ಚರ್ಚುಗಳಿಗೆ ಬೀಗ ಹಾಕಿರುವುದೂ ಉಂಟು, ಆದ್ದರಿಂದ ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಿಯೇ ಹೊರಡಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ನೆಲ ನೋಡುತ್ತಾ ಓಡಾಡಿದರೆ ಚೆನ್ನಾಗಿರುವುದಿಲ್ಲ.

ಹೊರಗೆ ಬಂದ ಮೇಲೆ ಚರ್ಚಿನ ಹಿಂದಕ್ಕೂ ಹೋಗಿ. ಜಾನ್‌ನ ಕಾಲೇಜು 1598ರಲ್ಲಿ ಬಡವರ ವಸತಿಯಾಯಿತು, ಕಲ್ಲಿನ ಅಂಗಳ ಇನ್ನೂ ಇದೆ. ವಾಪಸ್ ರೈಲಿನ ಸಮಯ ಮಾತ್ರ ಬರೆದಿಟ್ಟುಕೊಳ್ಳಿ. ಜೋನ್‌ಳನ್ನು ಇನ್ನೊಂದು ಸುತ್ತು ಓದಲು ಹೋಗಿ ನಾನು ಒಂದು ರೈಲು ತಪ್ಪಿಸಿಕೊಂಡೆ.