ಆಟಿಯ ಮಳೆಯಲ್ಲಿ ಕಾಸರಗೋಡು ಸುತ್ತುವವರಿಗೆ ಒಗ್ಗುವ ಟಿಪ್ಪಣಿ ಪುಸ್ತಕ

ತುಳುವರ ಮಳೆತಿಂಗಳಾದ ಆಟಿಯಲ್ಲಿ, ಕಳೆದ ಸಲ, ನಾಲ್ಕು ದಿನ ಮಂಜೇಶ್ವರದಿಂದ ಬೇಕಲ, ರಾಣಿಪುರಂ ಬೆಟ್ಟದವರೆಗೆ ರೈಲು ಮತ್ತು ಬಸ್ಸುಗಳಲ್ಲೇ ಸುತ್ತಿ ಬಂದೆ. ಹೊರಡುವಾಗ ಚೀಲದಲ್ಲಿದ್ದುದು ಸ್ನೇಹಿತರೊಬ್ಬರು ಉಡುಗೊರೆ ಕೊಟ್ಟಿದ್ದ, ಚರ್ಮದ ಹೊದಿಕೆಯ, ಇನ್ನೂರು ಹಾಳೆಯ ದಿನಚರಿ ಪುಸ್ತಕ. ಜೊತೆಗೆ ನನ್ನ ಮೆಚ್ಚಿನ ಶಾಯಿ ಪೆನ್ನು ಇತ್ತು. ಅದರಲ್ಲಿ ನಾನು ಬರೆದದ್ದು ಹನ್ನೊಂದು ಪುಟ. ಇಂದು ಓದಲು ಬರುವುದು ಆರು ಪುಟ ಮಾತ್ರ. ಮೂರನೆಯ ದಿನದಿಂದ ಬೇರೆ ಪುಸ್ತಕ ಹಿಡಿದೆ, ಅದರ ಒಂದು ಸಾಲೂ ಹಾಳಾಗಲಿಲ್ಲ. ಇದೇ ದಾರಿಯಲ್ಲಿ ಇದೇ ಕಾಲದಲ್ಲಿ ಹೊರಡುವವರು ಅಂಗಡಿಯಲ್ಲಿ ಪುಸ್ತಕದ ಅಂದ ನೋಡುವ ಮೊದಲು, ತಾವು ಎಲ್ಲಿ ನಿಂತು ಬರೆಯಲಿದ್ದೀರಿ, ಆಗ ಎಂತಹ ಗಾಳಿ ಬೀಸುತ್ತಿರುತ್ತದೆ, ಪುಸ್ತಕವನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಯೋಚಿಸಿದರೆ ನನಗಾದ ನಷ್ಟ ಅವರಿಗೆ ಆಗುವುದಿಲ್ಲ.

ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು ಮಂಜೇಶ್ವರದಲ್ಲಿ ಇಳಿದು, ಗೋವಿಂದ ಪೈಗಳ ಸ್ಮಾರಕವಾದ ಗಿಳಿವಿಂಡಿಗೆ ಹೋದೆ. 1949ರಲ್ಲಿ ಅಂದಿನ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಅವರು ಬಾಳಿದ ಜಾಗದಲ್ಲಿ ಕುಳಿತು ಎರಡು ಸಾಲು ಬರೆಯೋಣವೆಂದು ಪುಸ್ತಕ ತೆರೆದಾಗಲೇ ಮೊದಲ ತೊಡಕು ಎದುರಾಯಿತು. ಆ ಪುಸ್ತಕದ ಗೆರೆಗಳ ನಡುವಿನ ಅಂತರ ಸುಮಾರು 6 ಮಿಲಿಮೀಟರು. ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ‘ರಾಷ್ಟ್ರಕವಿ’ ಎಂದು ಬರೆದರೆ ಷಕಾರದ ಕೆಳಗಿನ ಎರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಹೋಗಿ ಕುಳಿತವು. ಅಕ್ಷರವನ್ನು ಕುಗ್ಗಿಸಿ ಬರೆದರೆ ಅಲುಗಾಡುವ ಬಸ್ಸಿನಲ್ಲಿ ಬರೆದದ್ದು ಮರುದಿನ ಬರೆದವನಿಗೇ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆಯುವವರು ಗೆರೆಗಳ ನಡುವೆ ಕನಿಷ್ಠ 8 ಮಿಲಿಮೀಟರು ಜಾಗವಿರುವ ಪುಸ್ತಕವನ್ನೋ ಗೆರೆಯೇ ಇಲ್ಲದ್ದನ್ನೋ ಕೊಳ್ಳುವುದು ಒಳ್ಳೆಯದು. ಈಗ ಬಹಳ ಮಂದಿ ಮೆಚ್ಚುವ, 5 ಮಿಲಿಮೀಟರಿಗೊಂದರಂತೆ ಚುಕ್ಕಿ ಇರುವ ಹಾಳೆಗಳೂ ಆಗುತ್ತವೆ, ಆದರೆ ಎರಡು ಚುಕ್ಕಿಸಾಲಿಗೆ ಒಂದು ಸಾಲಿನಂತೆ ಬರೆಯಬೇಕು. ಅಂಗಡಿಯಲ್ಲಿ ಪರೀಕ್ಷಿಸುವಾಗ ನಿಮ್ಮ ಹೆಸರು ಬರೆದು ನೋಡಬೇಡಿ. ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಎಂದು ಒಂದರ ಕೆಳಗೊಂದು ಬರೆದು ನೋಡಿ.

ಮಂಜೇಶ್ವರದಿಂದ ಕುಂಬಳೆಗೆ ಬಸ್ಸಿನಲ್ಲಿ ಹೋದೆ. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಗೊಳಿಸಿದ ಮೇಲೆ ಬಸ್ಸು ನಿಲ್ಲುವ ಜಾಗಗಳು ಹಲವೆಡೆ ಬದಲಾಗಿರುವುದರಿಂದ, ಹಳೆಯ ನೆನಪನ್ನು ನಂಬದೆ ಅಲ್ಲಲ್ಲಿ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಹಾಗೆ ಬರೆಯುವುದು ನಿಂತುಕೊಂಡೇ, ಒಂದು ಕೈಯಲ್ಲಿ ಕೊಡೆ ಹಿಡಿದು. ಮೆತ್ತನೆಯ ಹೊದಿಕೆಯ ಪುಸ್ತಕ ಆಗ ಬಾಗುತ್ತದೆ. ಗಟ್ಟಿ ರಟ್ಟು ಇದ್ದರೆ ಅದೇ ಮೇಜಾಗುತ್ತದೆ. ಇನ್ನೊಂದು ಸಂಗತಿಯೆಂದರೆ, ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು ಎರಡೂ ನಡೆಯುತ್ತವೆ. ಹೊಳೆ ದಾಟಿದ ಮೇಲೆ ಮಲಯಾಳವೇ ಹೆಚ್ಚು. ನಾವು ಹೊಸದುರ್ಗ ಎನ್ನುವ ಊರು ಬಸ್ಸಿನ ಫಲಕದಲ್ಲಿ ಕಾಞಂಗಾಡ್ ಆಗಿರುತ್ತದೆ. ಪುಸ್ತಕದ ಕೊನೆಯ ಎರಡು ಪುಟಗಳನ್ನು ಮೊದಲೇ ಬಿಟ್ಟುಕೊಂಡು, ಊರುಗಳ ಎರಡು ಹೆಸರುಗಳನ್ನೂ ‘ಎವಿಡೆ’ (ಎಲ್ಲಿ), ‘ಎತ್ರ’ (ಎಷ್ಟು) ಎಂಬಂತಹ ನಾಲ್ಕಾರು ಮಲಯಾಳ ಮಾತುಗಳನ್ನೂ ಅಲ್ಲಿ ಬರೆದಿಟ್ಟದ್ದು ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಪುಟಗಳು. ಟಿಕೇಟುಗಳನ್ನು ಅಂಟಿಸುವ ಹವ್ಯಾಸವಿದ್ದವರು ಪಕ್ಕದಲ್ಲೇ ಊರು ಮತ್ತು ದರವನ್ನು ಕೈಯಿಂದ ಬರೆಯಬೇಕು. ಯಂತ್ರದಿಂದ ಹೊರಬರುವ ಕೆಲವು ಟಿಕೇಟುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಚೀಟಿಯಾಗುತ್ತದೆ.

ಕುಂಬಳೆಯಿಂದ ಬದಿಯಡ್ಕದ ದಾರಿಯಲ್ಲಿ ನಾಯ್ಕಾಪಿನಲ್ಲಿ ಇಳಿದು ಅನಂತಪುರಕ್ಕೆ ಹೋಗಬೇಕು. ಕೆರೆಯ ನಡುವೆ ಗರ್ಭಗುಡಿ, ಅಲ್ಲಿಗೆ ಕಿರಿದಾದ ಕಾಲುಸಂಕ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂಬುದು ಇಲ್ಲಿನವರ ನಂಬಿಕೆ. ಕಿಸೆಯಲ್ಲಿ ಹಿಡಿಯುವ ಪುಸ್ತಕವೇ ಎಲ್ಲಕ್ಕಿಂತ ಒಳ್ಳೆಯದೆಂದು ಹೇಳುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಈ ಕಡೆಯ ಅನೇಕ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು, ಅಂಗಿಯೇ ಇಲ್ಲವೆಂದ ಮೇಲೆ ಕಿಸೆಯೂ ಇಲ್ಲ. ನನ್ನ ದಪ್ಪ ಪುಸ್ತಕ ಹೊರಗೆ ಚೀಲದಲ್ಲೇ ಉಳಿಯಿತು, ಒಳಗೆ ಕಂಡದ್ದನ್ನು ಅರ್ಧ ಗಂಟೆಯ ನಂತರ ನೆನಪಿನಿಂದ ಬರೆದೆ. ಸೊಂಟಕ್ಕೆ ಸಿಕ್ಕಿಸಬಹುದಾದ, 10.5 x 14.8 ಸೆಂಟಿಮೀಟರಿನ ಎ6 ಅಳತೆಯ ತೆಳ್ಳನೆಯ ಪುಸ್ತಕವಿದ್ದಿದ್ದರೆ ಮಂಟಪದ ಬದಿಯಲ್ಲೇ ಕುಳಿತು ಬರೆಯಬಹುದಿತ್ತು. ಹೀಗೆ ಆ ಕ್ಷಣದಲ್ಲೇ ಬರೆಯುವುದಕ್ಕೆ ಬೆಲೆಯಿದೆ. ಕೆಲವು ವರ್ಷಗಳ ಹಿಂದೆ ಇದೇ ಕೆರೆಯ ದಂಡೆಯಲ್ಲಿ ನಿಂತು ಶಾಲೆಯ ನೋಟುಪುಸ್ತಕವೊಂದರಲ್ಲಿ ‘ಮಧ್ಯಾಹ್ನದ ಪೂಜೆ ಮುಗಿಯಿತು, ಬಬಿಯಾ ಅನ್ನಕ್ಕೆ ಬಂತು, ಮೂಗಿನ ಎರಡು ಹೊಳ್ಳೆ ಮಾತ್ರ ನೀರಿನ ಮೇಲೆ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ. ಆ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಅಂದು ಮೊಬೈಲಿನಲ್ಲಿ ತೆಗೆದ ಚಿತ್ರಗಳು ಆ ಮೊಬೈಲಿನ ಜೊತೆಗೇ ಹೋದವು. ಪೆನ್ಸಿಲಿನ ಸಾಲು ಉಳಿದಿದೆ.

ಆ ಸಂಜೆ ಬಸ್ಸಿನ ಕಿಟಕಿಯಿಂದ ಹೊಡೆದ ಎರಚಲು ನನ್ನ ಐದು ಪುಟಗಳನ್ನು ತಿಂದಿತು. ಶಾಯಿ ಪೆನ್ನಿನ ಸಾಮಾನ್ಯ ಶಾಯಿ ನೀರಿನಲ್ಲಿ ಕರಗುವಂತಹದು. ಹನಿ ಬಿದ್ದಲ್ಲೆಲ್ಲ ಅಕ್ಷರ ನೀಲಿ ಮೋಡವಾಗಿ ಹರಡಿ, ಹಿಂಬದಿಗೂ ಇಳಿದಿತ್ತು. ಹಲವು ಜೆಲ್ ಪೆನ್ನುಗಳ ಪಾಡೂ ಇದೇ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಶದ್ದಾದುದರಿಂದ ನೀರಿಗೆ ಬೇಗ ಜಗ್ಗುವುದಿಲ್ಲ. ಆದರೆ ಪಸೆ ಹಿಡಿದ ಹಾಳೆಯ ಮೇಲೆ ಅದು ತಡೆತಡೆದು ಓಡುತ್ತದೆ. ಪೆನ್ಸಿಲಿಗೆ ಎರಡು ದೋಷವೂ ಇಲ್ಲ. ಕೈ ಉಜ್ಜಿದರೆ ತುಸು ಮಸುಕಾಗುತ್ತದೆ, ಅಷ್ಟೆ.

ಎರಡನೆಯ ದಿನ ಕಾಸರಗೋಡಿನಿಂದ ಸುಮಾರು 8 ಕಿಲೋಮೀಟರು ದೂರದ ಮಧೂರಿಗೆ ಹೋದೆ. ಮಧುವಾಹಿನಿಯ ದಡದಲ್ಲಿ, ಆನೆಯ ಬೆನ್ನಿನಂತೆ ಹಿಂಬದಿ ದುಂಡಾಗಿರುವ ಗಜಪೃಷ್ಠ ಶೈಲಿಯ ಗುಡಿ ಅದು. ಆ ದುಂಡನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಗೆರೆ ಎಳೆದೇ ತೋರಿಸಬೇಕು. ಚಿತ್ರ ಬರೆಯಲು ಹೋದಾಗ ಬೈಂಡಿನ ಮಹತ್ವ ತಿಳಿಯಿತು. ಬೆನ್ನಿಗೆ ಬರಿಯ ಗೋಂದು ಹಾಕಿ ಅಂಟಿಸಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬಲವಂತವಾಗಿ ತೆರೆದರೆ ಹಾಳೆಗಳು ಕಿತ್ತುಬರುತ್ತವೆ, ಪಸೆ ತಾಗಿದರೆ ಇನ್ನೂ ಬೇಗ. ಹಾಳೆಗಳನ್ನು ಕಂತೆಕಂತೆಯಾಗಿ ಮಡಚಿ ದಾರದಲ್ಲಿ ಹೊಲಿದ ಪುಸ್ತಕ ಚಪ್ಪಟೆಯಾಗಿ ಮಲಗುತ್ತದೆ, ಎರಡು ಪುಟಗಳಿಗೂ ಸೇರಿಸಿ ಚಿತ್ರ ಬರೆಯಬಹುದು. ಸುರುಳಿ ತಂತಿಯದು ಹಿಂದಕ್ಕೆ ಮಡಚಲು ಅನುಕೂಲ, ಆದರೆ ಚೀಲದಲ್ಲಿ ತಂತಿ ಬಾಗಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಾಗದದ ತೂಕವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ ಹೊದಿಕೆಯ ಮೇಲೆ ಜಿಎಸ್ಎಂ ಎಂದು ಬರೆದಿರುತ್ತಾರೆ. ಬರಹಕ್ಕೆ 70ರಿಂದ 80 ಸಾಕು, ಶಾಯಿ ಪೆನ್ನನ್ನು ಬಿಡಲಾರದವರಿಗೆ 100, ಜಲವರ್ಣಕ್ಕಾದರೆ 200ಕ್ಕಿಂತ ಮೇಲೆ ಬೇಕು. ಮಧೂರಿನ ಅಪ್ಪ ಪ್ರಸಾದವನ್ನು ತಿಂದ ಕೈಯಲ್ಲಿ ಇದಾವ ಕಾಗದವನ್ನೂ ಮುಟ್ಟಬೇಡಿ. ನನ್ನ ಗಜಪೃಷ್ಠದ ನಡುವೆ ಹೆಬ್ಬೆರಳಿನಗಲದ ತುಪ್ಪದ ಕಲೆಯೊಂದು ಇಂದಿಗೂ ಬೆಳಕಿಗೆ ಹಿಡಿದರೆ ಗಾಜಿನಂತೆ ಕಾಣುತ್ತದೆ. ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ರಾತ್ರಿ ಪೆರ್ಲದ ಕಡೆ ಇರುವ ಸೋದರಮಾವನ ಮನೆಯಲ್ಲಿ ತಂಗಿದೆ. ಚರ್ಮದ ಹೊದಿಕೆಯ ಅಂಚಿನಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯತೊಡಗಿದ್ದನ್ನು ಅವರಿಗೆ ತೋರಿಸಿದೆ. ಮಾವನ ಜಗಲಿಯ ಕಂಬಕ್ಕೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೂಗುತ್ತಿತ್ತು. ರಟ್ಟಿಗೆ ಪ್ಲಾಸ್ಟಿಕ್ ಹೊದಿಕೆ, ಬೆನ್ನಿಗೆ ಬಟ್ಟೆಪಟ್ಟಿ, ಹುರಿಗೆ ಕಟ್ಟಿದ ಮೋಟು ಪೆನ್ಸಿಲು. ಅಂಗಳದ ಮಳೆಮಾಪಕದಲ್ಲಿ ಪ್ರತಿದಿನ ಬೆಳಗ್ಗೆ ಕಂಡ ಮಿಲಿಮೀಟರುಗಳು, ತೋಟಕ್ಕೆ ಮದ್ದು ಬಿಟ್ಟ ದಿನಗಳು, ಕೂಲಿಯ ಲೆಕ್ಕ, ಎಲ್ಲವೂ ಅದರಲ್ಲೇ. ಹದಿನೈದು ಮಳೆಗಾಲದ ಪುಸ್ತಕಗಳು ಅಟ್ಟದಲ್ಲಿವೆ, ಒಂದರ ಅಕ್ಷರವೂ ಅಳಿದಿಲ್ಲ. “ನಿನ್ನದನ್ನು ಕಪಾಟಿನಲ್ಲಿಡು ಮಾರಾಯ, ಇದನ್ನು ತೆಗೆದುಕೊಂಡು ಹೋಗು” ಎಂದು ಅವರು ಅದೇ ಬಗೆಯ ಖಾಲಿ ಪುಸ್ತಕವೊಂದನ್ನು ಕೊಟ್ಟರು. ಉದ್ದ ಹೆಚ್ಚು, ಅಗಲ ಕಡಿಮೆ, ಒಂದೇ ಅಂಗೈಯಲ್ಲಿ ಹಿಡಿದು ಬರೆಯಬಹುದು, 96 ಪುಟ. ದಿನಕ್ಕೆ ಹತ್ತು ಪುಟ ಬರೆದರೂ ನಾಲ್ಕು ದಿನಕ್ಕೆ ಅರ್ಧವೂ ಮುಗಿಯುವುದಿಲ್ಲ. ಇನ್ನೂರು ಹಾಳೆಯ ಭಾರವನ್ನು ನಾನು ಯಾಕೆ ಹೊತ್ತೆನೋ!

ಮೂರನೆಯ ದಿನ ಬೇಕಲ. ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆಯಲ್ಲಿ ಹೋಗುವ ಹೊಸದುರ್ಗದ ಬಸ್ಸು ಹಿಡಿಯಿರಿ. ಹೆದ್ದಾರಿಯ ಬಸ್ಸು ಬೇರೆ ದಾರಿಯದು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ಸುಮಾರು 40 ಎಕರೆಯ ಈ ಕೋಟೆಯ ಬುರುಜಿನ ಮೇಲೆ ಮಳೆಗಾಲದ ಗಾಳಿ ಪುಟವನ್ನು ಮಗುಚಲಿಕ್ಕೂ ಬಿಡುವುದಿಲ್ಲ. ಅಗಲದ ರಬ್ಬರ್ ಬ್ಯಾಂಡು ಎರಡು ಬೇಕು, ಬರೆದ ಭಾಗಕ್ಕೊಂದು, ಬರೆಯದ ಭಾಗಕ್ಕೊಂದು. ಅದೂ ಸಾಲದಾಗ ಗುಂಡಿಕ್ಕಲು ಗೋಡೆಯಲ್ಲಿ ಬಿಟ್ಟ ಕಿಂಡಿಯೊಂದರ ಮರೆಗೆ ಸರಿದು ಬರೆದೆ. ನಾಲ್ಕನೆಯ ದಿನದ ರಾಣಿಪುರಂ ಚಾರಣದಲ್ಲಿ ಪುಸ್ತಕ ಹೊರಬರಲೇ ಇಲ್ಲ. ಎರಡು ಕೈಗಳೂ ಉಂಬಳ ಕೀಳುವುದಕ್ಕೇ ಬೇಕಾದವು. ಜೋರು ಮಳೆಯಿದ್ದರೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು, ವಿಚಾರಿಸಿಯೇ ಹೊರಡಿ.

ಇಷ್ಟಾಗಿಯೂ ಒದ್ದೆಯಾದ ಪುಸ್ತಕವನ್ನು ಬಿಸಿಲಿಗಾಗಲಿ ಒಲೆಯ ಹತ್ತಿರಕ್ಕಾಗಲಿ ಒಯ್ಯಬೇಡಿ, ರಟ್ಟು ಸೊಟ್ಟಗಾಗುತ್ತದೆ. ಹತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಕಾಗದ ಇಟ್ಟು, ಫ್ಯಾನಿನ ಕೆಳಗೆ ನಿಲ್ಲಿಸಿ, ಕಾಗದ ಬದಲಿಸುತ್ತ ಒಣಗಿಸಿ, ಮುಕ್ಕಾಲು ಒಣಗಿದ ಮೇಲೆ ಭಾರ ಹೇರಬೇಕು. ಬರುವ ಚಳಿಗಾಲದಲ್ಲಿ ಭೂತಕೋಲ, ತೆಯ್ಯಂ ನೋಡಲು ಇದೇ ಕಡೆಗೆ ಹೋಗುವವನಿದ್ದೇನೆ. ಆಗ ಮಳೆಯ ಭಯವಿಲ್ಲ, ಆದರೆ ಇರುಳಿಡೀ ಕತ್ತಲೆ, ಮೊಬೈಲಿನ ದೀಪ ಹಚ್ಚುವುದು ಅಲ್ಲಿ ಸಭ್ಯತೆಯಲ್ಲ. ಹಾಗಾಗಿ ಗೆರೆಯಿಲ್ಲದ, ದೊಡ್ಡ ಹಾಳೆಯ, ಪುಟಕ್ಕೆ ಐದಾರು ಸಾಲು ನೋಡದೆಯೇ ಬರೆಯಬಹುದಾದ ಅಗ್ಗದ ಪುಸ್ತಕವೊಂದನ್ನು ತೆಗೆದಿಟ್ಟಿದ್ದೇನೆ. ಮಾವನ ಪುಸ್ತಕದ ಪೆನ್ಸಿಲನ್ನು ಹುರಿಯ ಸಮೇತ ಬಿಚ್ಚಿ ಅದಕ್ಕೆ ಕಟ್ಟಿಯಾಗಿದೆ.